ಜಿನುಗುವ ಕುಂಡ

ಮಾವ ನಲವತ್ತು ವರ್ಷ ಪ್ಲಂಬರ್ ಆಗಿದ್ದವರು. ಎಲ್ಲಿ ನೀರು ಸೋರಿದರೂ ನಿಲ್ಲಿಸುವುದೇ ಅವರ ಕಸುಬು. ಸೊಸೆ ಕುಂಬಾರಿಕೆ ಕಲಿತು, ಮನೆಯ ಹಿಂದಿನ ಶೆಡ್ಡಿನಲ್ಲಿ ತಿಗರಿ, ಭಟ್ಟಿ ಇಟ್ಟುಕೊಂಡವಳು. ಈಗ ಅವಳು ಬೇಕೆಂದೇ ನೀರು ಜಿನುಗುವ ಕುಂಡ ಮಾಡಲು ಹೊರಟಿದ್ದಳು.

"ಅಲ್ಲಮ್ಮ, ನಾನು ಜೀವಮಾನವೆಲ್ಲ ನಿಲ್ಲಿಸಿದ್ದನ್ನ ನೀನು ಶುರು ಮಾಡ್ತೀಯಲ್ಲ!" ಎಂದು ಮಾವ ನಕ್ಕರು.

ಅವಳ ಉಪಾಯ ಸರಳವಾಗಿತ್ತು. ಕುಂಡದೊಳಗೊಂದು ಕುಂಡ. ಒಳಗಿನದು ಬರಿ ಮಣ್ಣಿನದು, ಅದರಲ್ಲಿ ಗಿಡ. ಹೊರಗಿನದಕ್ಕೆ ಗಾಜಿನಂಥ ಹೊಳಪಿನ ಲೇಪ, ಅದರಲ್ಲಿ ನೀರು. ಒಳಕುಂಡದ ಗೋಡೆ ನೀರು ಹೀರಿ, ಬೇಕಾದಷ್ಟನ್ನೇ ಬೇರಿಗೆ ಕೊಡುತ್ತದೆ. ಪ್ಲಾಸ್ಟಿಕ್ಕೂ ಬೇಡ, ನೀರೆಳೆಯುವ ಬತ್ತಿಯೂ ಬೇಡ. ಒಡೆದ ಹಳೆಯ ಮಡಕೆಗಳನ್ನು ಕುಟ್ಟಿ, ಜರಡಿ ಹಿಡಿದು, ಆ ಪುಡಿಯನ್ನೇ ಒಳಕುಂಡದ ಮಣ್ಣಿಗೆ ಬೆರೆಸಿದಳು. ನೀರು ನುಸುಳಲು ದಾರಿಯಾಯಿತು. ಲೇಪದ ಕುಂಡವನ್ನು ಎರಡು ಸಲ ಸುಡುವುದು ವಾಡಿಕೆ. ಇಂಧನ ಉಳಿಯಲೆಂದು ಅವಳು ಹೊರಕುಂಡವನ್ನೂ ಒಂದೇ ಸಲ ಸುಟ್ಟಳು.

ಹತ್ತಿರದ ಗ್ರಂಥಾಲಯದ ಲೈಬ್ರೇರಿಯನ್ ಇಪ್ಪತ್ತು ಕುಂಡ ಬೇಕೆಂದರು. ಮುಂದಿನ ತಿಂಗಳು ಬಣ್ಣ ಬಳಿಸಲು ಹದಿನೈದು ದಿನ ಬಾಗಿಲು ಮುಚ್ಚುವುದಿತ್ತು. ಹಾಗೆ ಮುಚ್ಚಿದಾಗಲೆಲ್ಲ ಕಿಟಕಿಯ ಗಿಡಗಳು ಒಣಗಿ ಕಡ್ಡಿಯಾಗುತ್ತಿದ್ದವು.

"ಸರಿಯಾಗಿ ಪರೀಕ್ಷೆ ಮಾಡಿದ್ಯಾ?" ಮಾವ ಕೇಳಿದರು.

"ಒಂದು ದಿನ ಪೂರ್ತಿ ನೀರು ತುಂಬಿಸಿಟ್ಟಿದ್ದೆ ಮಾವ. ಒಂದು ತೊಟ್ಟೂ ಹೊರಗೆ ಬರ್ಲಿಲ್ಲ."

"ಸೋರಿಕೆ ಹೊಸ ನೆಂಟರ ಥರ ಕಣಮ್ಮ. ಮೊದಲನೇ ದಿನ ಬಣ್ಣ ಗೊತ್ತಾಗಲ್ಲ. ಒಂದು ವಾರ ಇಟ್ಟು ನೋಡು."

ಅವಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮರುದಿನವೇ ಕೊಟ್ಟು ಬಂದಳು.

ಐದನೆಯ ದಿನ ಲೈಬ್ರೇರಿಯನ್ ಫೋನ್ ಮಾಡಿ ಕರೆಸಿದರು. ಕುಂಡಗಳನ್ನಿಟ್ಟಿದ್ದ ಉದ್ದನೆಯ ಮರದ ಮೇಜು ನೀರು ಕುಡಿದು ಉಬ್ಬಿತ್ತು. ಪಕ್ಕದಲ್ಲಿದ್ದ ದೊಡ್ಡ ಭೂಪಟದ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಲೈಬ್ರೇರಿಯನ್ ಒಂದು ಮಾತೂ ಬೈಯದೆ, ಒಂದೊಂದೇ ಹಾಳೆ ಬಿಡಿಸಿ ಒರೆಸುತ್ತಿದ್ದರು. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವಳಿಗೆ.

ಕುಂಡಗಳನ್ನೆಲ್ಲ ವಾಪಸು ತಂದು ಶೆಡ್ಡಿನ ಮೂಲೆಗೆ ಹಾಕಿದಳು. ಮೂರು ದಿನ ತಿಗರಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಇಣುಕಿದರೆ, ನೆಲದ ತುಂಬ ಹಳೆಯ ಪತ್ರಿಕೆಗಳು. ಅವುಗಳ ಮೇಲೆ ನೀರು ತುಂಬಿದ ಇಪ್ಪತ್ತು ಹೊರಕುಂಡಗಳು. ಮಾವ ಮಂಡಿಯೂರಿ, ಒದ್ದೆಯಾದ ಕಡೆಗೆಲ್ಲ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು.

"ಒಳಗಿನದು ಚೆನ್ನಾಗೇ ಇದೆ. ಬಾಯಿ ಬಿಡ್ತಿರೋದು ಹೊರಗಿನದು. ಲೇಪದಲ್ಲಿ ಸೂಜಿಮೊನೆಯಷ್ಟು ತೂತುಗಳಿವೆ ನೋಡು."

"ಹಾಗಾದ್ರೆ ಇನ್ನೊಂದು ಸಲ ಲೇಪ ಕೊಟ್ಟು ಸುಡ್ಬೇಕು. ಇಂಧನ ಎರಡರಷ್ಟಾಗತ್ತೆ. ಭೂಮಿಗೆ ಭಾರ ಆಗ್ಬಾರ್ದು ಅಂತ ಶುರು ಮಾಡಿದ್ದಕ್ಕೆ ಅರ್ಥ ಏನು ಮಾವ?"

ಮಾವ ಗೋಡೆ ಹಿಡಿದು ಎದ್ದರು. "ಅಗ್ಗದ ಪೈಪುಗಳನ್ನ ಕಿತ್ತು ಎಸೆದೂ ಎಸೆದೂ ನನ್ನ ಸೊಂಟ ಹೋಯ್ತು. ಐದು ದಿನಕ್ಕೆ ಮೂಲೆ ಸೇರೋದನ್ನ ಒಂದು ಸಲ ಸುಟ್ರೂ ದಂಡ. ಇಪ್ಪತ್ತು ವರ್ಷ ಬಾಳೋದನ್ನ ಎರಡು ಸಲ ಸುಟ್ರೂ ಉಳಿತಾಯವೇ."

ಅವಳು ಭಟ್ಟಿಯ ಒಂದು ದಿನದ ಇಂಧನವನ್ನು ಅಳೆದಿದ್ದಳೇ ಹೊರತು ಕುಂಡದ ಆಯುಸ್ಸನ್ನು ಅಳೆದಿರಲಿಲ್ಲ.

ಮತ್ತೆ ಲೇಪ ಹಚ್ಚಿ ಸುಟ್ಟಳು. ಆರು ಬಿರುಕು ಬಿಟ್ಟವು, ಹೊಸದಾಗಿ ಮಾಡಿದಳು. ಈ ಸಲ ಎಂಟು ದಿನ ಪತ್ರಿಕೆಯ ಮೇಲಿಟ್ಟರು, ಕಾಗದ ಒಣಗಿಯೇ ಇತ್ತು. ಅಷ್ಟರಲ್ಲಿ ಎರಡು ಮಧ್ಯಾಹ್ನ ಹೋಗಿ ಗ್ರಂಥಾಲಯದ ಮೇಜನ್ನೂ ತಾನೇ ಉಜ್ಜಿ ಪಾಲಿಶ್ ಹಾಕಿದಳು. ಭೂಪಟದ ಹಾಳೆಗಳು ಮಾತ್ರ ಸುಕ್ಕಾಗಿಯೇ ಉಳಿದವು. ಬಣ್ಣದ ಕೆಲಸ ಶುರುವಾಗುವ ಮೊದಲೇ ಕುಂಡಗಳನ್ನು ಮತ್ತೆ ಗ್ರಂಥಾಲಯಕ್ಕೆ ಕೊಟ್ಟು ಬಂದಳು.

ಹದಿನೈದು ದಿನ ಮುಚ್ಚಿದ್ದ ಬಾಗಿಲು ತೆರೆದಾಗ ಇಬ್ಬರೂ ಹೋದರು. ಹದಿನೇಳು ಗಿಡ ನಳನಳಿಸುತ್ತಿದ್ದವು. ಬಾಗಿಲ ಬಳಿಯ ಮೂರು ಹಳದಿಯಾಗಿ ಸೊರಗಿದ್ದವು. ಮಾವ ಮಣ್ಣಿಗೆ ಬೆರಳಿಟ್ಟು ನೋಡಿದರು. ಕೆಸರು.

ಗ್ರಂಥಾಲಯದ ವಾಚ್‌ಮನ್ ಕೈ ಹೊಸೆಯುತ್ತ ಹತ್ತಿರ ಬಂದ. "ತಪ್ಪಾಯ್ತಮ್ಮ. ನೀರು ಹಾಕ್ಬೇಡ ಅಂದಿದ್ರು. ಬಣ್ಣದೋರು ಹೋದ್ಮೇಲೆ ಇಷ್ಟು ದೊಡ್ಡ ಕಟ್ಟಡದಲ್ಲಿ ನಾನೊಬ್ಬನೇ. ಇವು ಮೂರು ಕಣ್ಣೆದುರೇ ಇದ್ವು. ದಿನಾ ಒಂದೊಂದು ಲೋಟ ಹಾಕ್ಬಿಟ್ಟೆ. ಕೈ ಕೇಳ್ಲಿಲ್ಲ."

ಮಾವ ನಕ್ಕುಬಿಟ್ಟರು. ಅವಳಿಗೆ ನಗು ಬರಲಿಲ್ಲ. ನೀರು ಹಾಕುವವರಿಲ್ಲದ ಗಿಡಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿದ್ದಳು. ನೀರು ಹಾಕಲು ಗಿಡವಿಲ್ಲದವರ ಬಗ್ಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಮುಂದಿನ ವಾರ ಅವಳು ಒಂದು ಸಾದಾ ಕುಂಡ ಮಾಡಿದಳು. ತಳದಲ್ಲೊಂದು ತೂತು, ಕೆಳಗೊಂದು ತಟ್ಟೆ, ಅಷ್ಟೇ. ಅದರಲ್ಲಿ ಗಿಡ ನೆಟ್ಟು ವಾಚ್‌ಮನ್ನನ ಕುರ್ಚಿಯ ಪಕ್ಕ ಇಟ್ಟಳು.

"ಇದಕ್ಕೆ ನೀವೇ ಹಾಕ್ಬೇಕು. ಮರೆತ್ರೆ ಒಣಗಿಹೋಗತ್ತೆ."

ಅವನು ಮಣ್ಣಿಗೆ ಬೆರಳಿಟ್ಟು ನೋಡಿದ. "ಈಗ ಹಾಕ್ಲಾ?"

"ನಾಳೆ ಬೆಳಿಗ್ಗೆ ಹಾಕಿ."

ಅವನು ತಲೆಯಾಡಿಸಿ, ಗಿಡಕ್ಕೆ ಬಿಸಿಲು ಬೀಳಲೆಂದು ತನ್ನ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಸರಿಸಿಕೊಂಡ.