ಬೆನ್ನಿನೊಳಗಿನ ಕಾಗದ

ಸತ್ತ ಮೇಲಾದರೂ ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ ಎಂದುಕೊಂಡಿದ್ದವರಿಗೆ ಮೊದಲ ನಿರಾಸೆ ಅಲ್ಲೇ ಕಾದಿತ್ತು. ಉದ್ದನೆಯ ಹಜಾರ, ಗೋಡೆಗುಂಟ ಬೆಂಚುಗಳು, ಕೊನೆಯಲ್ಲಿ ಒಂದೇ ಒಂದು ಕಿಟಕಿ. ಬದುಕಿದ್ದಾಗ ಬಗೆಹರಿಯದೆ ಉಳಿದ ಪ್ರಶ್ನೆಗಳಿಗೆ ಆ ಕಿಟಕಿಯಲ್ಲಿ ಉತ್ತರ ಕೊಡುತ್ತಿದ್ದರು. ಅಷ್ಟೊಂದು ಜನ ಓಡಾಡಿದರೂ ಹೆಜ್ಜೆಯ ಸದ್ದಿಲ್ಲ; ಯಾರ ಕಾಲ ಬುಡದಲ್ಲೂ ನೆರಳಿಲ್ಲ. ಬೈಂಡಿಂಗಮ್ಮ ತನ್ನ ಬೆರಳುಗಳನ್ನು ಮೂಸಿ ನೋಡಿದಳು. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಕೈ. ಅಂಟಿನ ವಾಸನೆ ಇರಲಿಲ್ಲ. ತಾನು ಸತ್ತಿರುವುದು ಅವಳಿಗೆ ಖಾತ್ರಿಯಾದದ್ದು ಆಗಲೇ.

ಸಾಲಿನ ಮೊದಲಲ್ಲಿದ್ದ ಮೇಷ್ಟ್ರು ಕಿಟಕಿಗೆ ಬಗ್ಗಿದರು. “ಮೂವತ್ತು ವರ್ಷದಲ್ಲಿ ಒಂದು ದಿನಾನೂ ನನ್ನ ಸೈಕಲ್ಲಿಗೆ ನಾನು ಗಾಳಿ ಹೊಡೀಲಿಲ್ಲ. ಆದ್ರೂ ಚಕ್ರ ಗಟ್ಟಿಯಾಗೇ ಇರ್ತಿತ್ತಲ್ಲ, ಹೇಗ್ರೀ?”

“ಪಕ್ಕದ ಮನೆಯವರು ಹೊಡೀತಿದ್ರು. ಬೆಳಿಗ್ಗೆ, ನೀವು ಏಳೋಕೆ ಮುಂಚೆ.”

“ಅವನಾ? ಅವನ ಜೊತೆ ನಾನು ಮಾತೇ ಬಿಟ್ಟಿದ್ದೆನಲ್ಲ!”

“ಅದಕ್ಕೇ ಅವರು ಹೇಳಲಿಲ್ಲ.”

ಮೇಷ್ಟ್ರು ಹೋಗಿ ಬೆಂಚಿನ ಮೇಲೆ ಕುಸಿದರು.

ಅವರ ಹಿಂದಿದ್ದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಂದಳು. “ನಮ್ಮೆಜಮಾನ್ರು ಕಣ್ಣು ಮುಚ್ಕೊಂಡೇ ‘ಹೇಳು, ಕೇಳಿಸ್ಕೋತಿದೀನಿ’ ಅಂತಿದ್ರು. ನಿಜವಾಗ್ಲೂ ಕೇಳಿಸ್ಕೋತಿದ್ರಾ?”

“ಗಾಢ ನಿದ್ದೆ, ತಾಯಿ.”

“ನಂಗೊತ್ತಿತ್ತು!” ಅವಳು ಗೆದ್ದವಳ ಹಾಗೆ ಬೀಗುತ್ತ ಹೋದಳು.

ಸಾಲು ನಕ್ಕಿತು. ಬೈಂಡಿಂಗಮ್ಮ ನಗಲಿಲ್ಲ. ಅವಳ ಪ್ರಶ್ನೆಗೆ ಇಪ್ಪತ್ತೆರಡು ವರ್ಷ.

ಅಮ್ಮ ತೀರಿಕೊಂಡ ಮೇಲೆ ಅವರ ಕನ್ನಡಕ ಯಾರಿಗೆ ಎಂದು ಅವಳೂ ಅವಳ ಅಕ್ಕನೂ ಜಗಳವಾಡಿದ್ದರು. ಇಬ್ಬರ ಕಣ್ಣಿಗೂ ಒಗ್ಗದ ಕನ್ನಡಕ. ಮಾತು ಮಾತ್ರ ನಿಂತೇ ಹೋಯಿತು. ವರ್ಷದ ಮೇಲೆ ಅಕ್ಕನಿಂದ ಒಂದು ಕಾಗದ ಬಂತು. “ಈಗ ನೆನಪಾದೆನೇನು” ಎಂದು ತಂಗಿ ಅದನ್ನು ಒಡೆಯದೆ ರದ್ದಿಯ ರಾಶಿಯ ಮೇಲೆ ಎಸೆದಳು. ಪುಸ್ತಕದ ಬೆನ್ನಿಗೆ ಬಟ್ಟೆ ಹಚ್ಚುವ ಮೊದಲು ರದ್ದಿ ಕಾಗದದ ಪಟ್ಟಿ ಅಂಟಿಸುವುದು ಅವಳ ಪದ್ಧತಿ. ಮರುದಿನ ಗ್ರಂಥಾಲಯದ ಅರವತ್ತು ಪುಸ್ತಕಗಳ ಅವಸರದಲ್ಲಿ ಇಡೀ ರಾಶಿಯನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಪಟ್ಟಿ ಮಾಡಿ, ಅಂಟಿಸಿ ಮುಗಿಸಿದಳು. ಕಾಗದ ಹುಡುಕಿದ್ದು ಸಂಜೆ. ‘ಹೋದರೆ ಹೋಗಲಿ, ಬೇಕಿದ್ದರೆ ಇನ್ನೊಂದು ಬರೆಯುತ್ತಾಳೆ’ ಅಂದುಕೊಂಡಳು. ಕಾಗದ ಬಂದ ಐದನೇ ದಿನ ಅಕ್ಕ ಹೋದ ಸುದ್ದಿ ಬಂತು.

ಅಲ್ಲಿಂದ ಮುಂದೆ ದುರಸ್ತಿಯ ನೆಪ ಹೇಳಿ ಗ್ರಂಥಾಲಯದಿಂದ ಆ ಪುಸ್ತಕಗಳನ್ನು ವರ್ಷಕ್ಕೆ ಒಂದೆರಡರಂತೆ ತರಿಸಿ, ಒಂದೊಂದರ ಬೆನ್ನನ್ನೂ ಬಿಚ್ಚಿ ಅಕ್ಕನ ಅಕ್ಷರ ಹುಡುಕುತ್ತ ಹೋದಳು. ತಾನೇ ಕಟ್ಟಿದ್ದು, ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. “ಎಂಥಾ ಶ್ರದ್ಧೆ ಈಯಮ್ಮಂದು!” ಎಂದು ಗ್ರಂಥಪಾಲಕರು ಮೆಚ್ಚಿದರು. ಮೂವತ್ತೊಂದು ಬಿಚ್ಚುವಷ್ಟರಲ್ಲಿ ಆಯುಸ್ಸು ಮುಗಿಯಿತು.

“ಪ್ರಶ್ನೆ?” ಎಂದ ಕಿಟಕಿಯವನು.

“ಅಕ್ಕ ನನ್ನನ್ನ ಬಾ ಅಂತ ಕರೆದಿದ್ಲಾ?”

“ಆ ಕಾಗದ ಯಾರೂ ಓದಿಲ್ಲವಲ್ಲಮ್ಮ. ಬರೆದವರನ್ನೇ ಕೇಳಬೇಕು. ಏಳನೇ ಬೆಂಚು.”

“ಇಲ್ಲೇ ಇದಾಳಾ? ಇಷ್ಟು ವರ್ಷ?”

“ಅವರದೂ ಒಂದು ಪ್ರಶ್ನೆ ಉಳಿದಿದೆ.”

ಅಕ್ಕನ ಮುಖ ನೋಡಲು ಧೈರ್ಯ ಸಾಲದೆ ಬೈಂಡಿಂಗಮ್ಮ ಮತ್ತೆ ಸಾಲಿನ ತುದಿಗೆ ಹೋಗಿ ನಿಲ್ಲಲು ತಿರುಗಿದಳು. ಕಿಟಕಿಯವನು ಎದ್ದು ಹೊರಗೆ ಬಂದ. ಅವಳ ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆದು, ಬೆಂಚು ಕಾಣುವಲ್ಲಿ ಬಿಟ್ಟು ಹಿಂದಿರುಗಿದ.

ಅಕ್ಕ ಸಾಯುವಾಗ ಹೊದ್ದಿದ್ದ ಶಾಲಿನಲ್ಲೇ ಕೂತಿದ್ದಳು. ಜ್ವರಕ್ಕೆ ಬತ್ತಿದ ಮುಖ. ಈಗ ಅವಳೇ ಚಿಕ್ಕವಳಂತೆ ಕಾಣುತ್ತಿದ್ದಳು.

“ಕೂದಲೆಲ್ಲ ಬೆಳ್ಳಗಾಗಿದೆಯಲ್ಲೇ,” ಎಂದಳು.

“ಅಕ್ಕ, ಆ ಕಾಗದದಲ್ಲಿ...”

“ಬಾ ಅಂತಾನೇ ಬರೆದಿದ್ದೆ. ಇನ್ನೇನು, ಕವನ ಬರೀತೀನಾ? ಜ್ವರ ಇಳೀತಿಲ್ಲ, ಒಂದ್ಸಲ ಬಂದು ಹೋಗು, ಆ ಹಾಳು ಕನ್ನಡಕ ನೀನೇ ಇಟ್ಕೋ ಅಂತ.”

ಹೆದರಿದ್ದೇ ನಿಜವಾಗಿತ್ತು. “ನಾನು ಓದಲಿಲ್ಲ ಕಣಕ್ಕ. ನೋಡದೆ ಕತ್ತರಿಸಿಬಿಟ್ಟೆ.”

“ಗೊತ್ತು. ಬಂದ ದಿನಾನೇ ಕಿಟಕೀಲಿ ಕೇಳಿದೆ. ಓದಿಲ್ಲ ಅಂದ್ರು. ಅಬ್ಬ ಅನ್ನಿಸ್ತು. ಓದಿಯೂ ಬರಲಿಲ್ಲವೇನೋ ಅಂದ್ಕೊಂಡೇ ಸತ್ತಿದ್ದೆ ನೋಡು.”

ಇಪ್ಪತ್ತೆರಡು ವರ್ಷ ತನ್ನನ್ನು ಸುಟ್ಟ ಸಂಗತಿಯೇ ಅಕ್ಕನಿಗೆ ತಂಪೆರೆದಿತ್ತು! ಬೈಂಡಿಂಗಮ್ಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಅಕ್ಕ ಶಾಲು ಬಿಗಿಮಾಡಿಕೊಂಡಳು. “ಇನ್ನೊಂದು ಇದೆ. ಕಿಟಕಿಯವನು ‘ನಡೆದದ್ದು ಮಾತ್ರ ಕೇಳಿ, ನಡೀದೇ ಇದ್ದದ್ದು ನಮ್ಮಲ್ಲಿಲ್ಲ’ ಅಂತಾನೆ. ನೀನೇ ಹೇಳು. ಓದಿದ್ರೆ ಬರ್ತಿದ್ಯಾ?”

‘ಓಡೋಡಿ ಬರುತ್ತಿದ್ದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟು ವರ್ಷ ಕಾದವಳ ಮುಖ ನೋಡಿ ಅವಳು ಅದನ್ನು ನುಂಗಿಕೊಂಡಳು.

“ಆವತ್ತೇ ಬರ್ತಿರಲಿಲ್ಲ. ಎರಡು ದಿನ ಬಿಂಕ ಮಾಡ್ತಿದ್ದೆ. ಮೂರನೇ ದಿನ ಬಂದೇ ಬರ್ತಿದ್ದೆ.”

ಅಕ್ಕ ಒಂದೊಂದೇ ಬೆರಳು ಮಡಿಸಿದಳು.

“ಮೂರನೇ ದಿನ ನಾನಿನ್ನೂ ಇದ್ದೆ ಕಣೇ,” ಎಂದು, ತಂಗಿಗೆ ಜಾಗ ಮಾಡಿಕೊಡಲು ಸರಿದು ಕೂತಳು.