ಎಡಸೀಟಿನ ಕನ್ನಡಿ

ನಮ್ಮ ಮನೆಯವರ ಕಸುಬು ಹಲ್ಲಿನ ಸೆಟ್ ಮಾಡುವುದು. ಬಾಯಿಯ ಅಚ್ಚು ಕೈಗೆ ಬಂದರೆ ಕೂದಲೆಳೆಯಷ್ಟೂ ಬದಲಿಸದೆ ನಕಲು ತೆಗೆಯುತ್ತಾರೆ. ಆರು ವರ್ಷದ ರಜೆಗಳನ್ನೆಲ್ಲ ಸುರಿದು, ಹಳೆಯ ರೇಸ್ ಕಾರೊಂದರ ನಕಲನ್ನು ಶೆಡ್ಡಿನಲ್ಲಿ ಕಟ್ಟಿದ್ದೂ ಹಾಗೆಯೇ. ಮೂಲ ಕಾರಿನ ಸ್ಟೀರಿಂಗ್ ಎಡಕ್ಕಿತ್ತು; ನಮ್ಮ ರಸ್ತೆಗೆಂದು ಬಲಕ್ಕೆ ತಂದರು. ಆದರೆ ಬಲ ಮಡ್‌ಗಾರ್ಡಿನ ಮೇಲಿನ ಕನ್ನಡಿಯ ಗೂಡನ್ನು ಮಾತ್ರ ಮೂಲ ಕಾರಿನ ಫೋಟೋದಲ್ಲಿದ್ದ ಕೋನದಲ್ಲೇ, ಮಡ್‌ಗಾರ್ಡಿನ ಜೊತೆ ಒಂದೇ ಎರಕವಾಗಿ ತೆಗೆದುಬಿಟ್ಟಿದ್ದರು.

ಆರ್‌ಟಿಓ ತಪಾಸಣೆಯ ದಿನ ಬೆಳಿಗ್ಗೆ ಇವರು ಚಾಲಕನ ಸೀಟಿನಲ್ಲಿ ಕೂತರು. ನಾನು ಸ್ಕ್ರೂಡ್ರೈವರ್ ಹಿಡಿದು ಕನ್ನಡಿಯ ಬಳಿ ನಿಂತೆ.

"ಈಗ ಏನು ಕಾಣ್ತಿದೆ ರೀ?"

"ನನ್ನ ಮೂಗು."

"ಈಗ?"

"ಕಿವಿ. ಅದೂ ನನ್ನದೇ."

ಸ್ಕ್ರೂಗಳು ಗಾಜನ್ನು ಮೂರು ಡಿಗ್ರಿಗಿಂತ ಹೆಚ್ಚು ತಿರುಗಿಸುವುದಿಲ್ಲ. ಬೇಕಾದದ್ದು ಹತ್ತು, ಅಳೆದು ನೋಡಿದ್ದೆ. ಎಡಸೀಟಿನಲ್ಲಿ ಕೂತರೆ ಗೇಟು, ರಸ್ತೆ, ಹಾಲಿನ ವ್ಯಾನು, ಎಲ್ಲ ಸ್ವಚ್ಛ.

"ಗೂಡು ಕತ್ತರಿಸ್ಬೇಕು. ಇಲ್ಲಾಂದ್ರೆ ಇನ್ನೊಂದು ಕನ್ನಡಿ ಹಾಕ್ಸಿ."

"ರೇಸ್ ಕಾರಿಗೆ ಲಾರಿ ಕನ್ನಡಿನಾ? ಸುಮ್ನಿರೇ ತಾಯಿ. ಪಕ್ಕದಲ್ಲಿ ನೀನು ಕೂತು ಹೇಳ್ತೀಯಲ್ಲ."

ಹೇಳುತ್ತಿದ್ದೆ, ನಿಜ. ಹೋದ ವಾರ ನಾನು ಒಂದು ಗಳಿಗೆ ಮೊಬೈಲ್ ನೋಡಿದ್ದಕ್ಕೆ ಸ್ಕೂಟರಿನ ಹುಡುಗಿಯೊಬ್ಬಳು ಸ್ವಲ್ಪದರಲ್ಲಿ ಉಳಿದಿದ್ದಳು.

"ಇನ್ಸ್‌ಪೆಕ್ಟರ್ ಆಗಲ್ಲ ಅಂದ್ರೆ ಕತ್ತರಿಸ್ತೀನಿ. ನಿನ್ನಾಣೆ," ಎಂದರು. ನನ್ನ ಆಸೆಯೆಲ್ಲ ಆ ಇನ್ಸ್‌ಪೆಕ್ಟರ್ ಮೇಲೆ ನಿಂತಿತು.

ಇನ್ಸ್‌ಪೆಕ್ಟರ್ ಬಂದು ಬ್ರೇಕು, ದೀಪ, ಹಾರ್ನು ನೋಡಿ, "ನಡೀರಿ, ಒಂದು ಸುತ್ತು ಹೋಗೋಣ" ಎಂದು ಎಡಸೀಟಿನಲ್ಲಿ ಕೂತರು. ಇರುವುದೇ ಎರಡು ಸೀಟು. ಕನ್ನಡಿಯ ಕಡೆ ಕಣ್ಣು ಹಾಯಿಸಿದರು.

"ಪರವಾಗಿಲ್ವೇ! ಹಿಂದಿನ ರಸ್ತೆ ಪೂರ್ತಿ ಕಾಣ್ತಿದೆ."

"ಸಾರ್, ಅದು ನಿಮ್ಮ ಸೀಟಿಂದ. ಇವರ ಸೀಟಲ್ಲಿ ಒಂದ್ಸಲ ಕೂತು ನೋಡಿ."

"ಏನಮ್ಮಾ, ಯಜಮಾನರ ಕಾರಿಗೆ ನೀವೇ ಅಡ್ಡಗಾಲಾ?" ನಗುತ್ತ ಇವರ ಕಡೆ ತಿರುಗಿದರು. "ನಿಮಗೆ ಕಾಣುತ್ತೇನ್ರೀ?"

ಇವರು ನನ್ನ ಮುಖ ನೋಡಲಿಲ್ಲ. "ಕಾಣುತ್ತೆ ಸಾರ್."

ಕಾರು ರಸ್ತೆಯಂಚಿನಲ್ಲಿತ್ತು. ನಾನು ಹಿಂದೆ ಹೋಗಿ, ಬಲಕ್ಕೆ ಸರಿದು ನಿಂತೆ. ಕನ್ನಡಿಯಲ್ಲಿ ಯಾರ ಕಣ್ಣು ನನಗೆ ಕಾಣುತ್ತದೋ ಅವರಿಗೆ ಮಾತ್ರ ನಾನು ಕಾಣುತ್ತೇನೆ. ಅಲ್ಲಿದ್ದದ್ದು ಇನ್ಸ್‌ಪೆಕ್ಟರರ ಕಣ್ಣುಗಳು. ಅವು ಕೈಯಲ್ಲಿನ ಹಾಳೆಯ ಮೇಲಿದ್ದವು. ನನ್ನ ಹಿಂದಿನಿಂದ ಸಿಮೆಂಟ್ ಲಾರಿ ಬರುತ್ತಿತ್ತು. ಎರಡೂ ಕೈ ಬೀಸಿದೆ, ಕೂಗಿದೆ. ಎಂಜಿನ್ನಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕಾರು ರಸ್ತೆಗೆ ಸರಿಯಿತು. ಲಾರಿ ಬ್ರೇಕಿನಲ್ಲಿ ಕಿರುಚಿ, ಬಲಕ್ಕೆ ವಾಲಿ, ಹೇಗೋ ದಾಟಿತು. ಇನ್ಸ್‌ಪೆಕ್ಟರ್ ತಲೆಯೆತ್ತಿ ಲಾರಿಯವನಿಗೆ ಕೈ ಮಾಡಿ ಬೈದರು.

ಇಪ್ಪತ್ತು ನಿಮಿಷದಲ್ಲಿ ಹಿಂತಿರುಗಿದರು. ಇವರ ಮುಖ ಊರಗಲವಾಗಿತ್ತು. ಹಾಳೆಯಲ್ಲಿ ಬರೆದಿತ್ತು: ಕನ್ನಡಿ ಸರಿಯಿದೆ. ಇನ್ನು ಮುಂದೆ ಯಾವ ಬದಲಾವಣೆಯನ್ನೂ ಮಾಡಕೂಡದು.

"ನೋಡಿದ್ಯಾ? ಸುಮ್ನೆ ಹೆದರ್ಕೊಂಡೆ. ನಾಳೆಯಿಂದ ಕೆಲಸಕ್ಕೆ ಇದರಲ್ಲೇ."

"ಒಬ್ಬರೇನಾ?"

"ನೀನು ಕೆಲಸ ಮಾಡೋ ಲ್ಯಾಬು ಊರಿನ ಆ ತುದಿ, ನನ್ನದು ಈ ತುದಿ. ನಿಂಗೆ ಬಸ್ಸೇ ಸರಿ."

ಹಾಳೆಯನ್ನು ನನ್ನ ಕೈಗಿಟ್ಟು, "ಜೋಪಾನ, ಮಡಿಕೆ ಬೀಳದ ಹಾಗೆ ಹಿಡ್ಕೋ," ಎಂದರು.