ಶೀನನ ಮಾರು

ಅದು 2015ರ ಮಳೆಗಾಲ. ಮೀನುಗಾರಿಕೆಯ ರಜೆ ಮುಗಿದು, ನಾಳೆ ಬೆಳಿಗ್ಗೆ ತ್ರಾಸಿಯ ದೋಣಿಗಳು ನೀರಿಗಿಳಿಯಬೇಕು. ನೀರಡಿಯ ನಲವತ್ತು ಕಲ್ಲುಗಳು ಎಷ್ಟು ಆಳದಲ್ಲಿವೆಯೆಂದು ಮೀನುಗಾರರ ಮೊಬೈಲಿಗೆ ಹೇಳುವ ವೆಬ್‌ಸೈಟನ್ನು ಕೋಟೇಶ್ವರದ ಸೌಮ್ಯಶ್ರೀ ಕಟ್ಟಿದ್ದಳು. ಆಳ ತಪ್ಪಿದರೆ ಬಲೆ ಕಲ್ಲಿಗೆ ಸಿಕ್ಕಿ ಚಿಂದಿ. ಮೀನುಗಾರರ ಸಂಘದ ಕಚೇರಿಯಲ್ಲಿ ಕೂತು ನೋಡಿದರೆ, ಅಲ್ಲಿನ ಹಳೆಯ ಪಟ್ಟಿಯಂತೆ ಹತ್ತು ಮಾರು ಎಂದು ತುಂಬಿದ ಕಲ್ಲು ಹದಿನೆಂಟು ಎನ್ನುತ್ತಿತ್ತು!

ಕಡಲಿನವರ ಲೆಕ್ಕ ಮಾರಿನದು. ಎರಡೂ ತೋಳು ಚಾಚಿದಷ್ಟು ಹಗ್ಗ ಒಂದು ಮಾರು. ಅಂಥ ಅಳತೆ ವೆಬ್‌ಸೈಟ್ ಕಟ್ಟುವ ಯಾವ ಫ್ರೇಮ್‌ವರ್ಕಿಗೆ ಗೊತ್ತು? ಹಾಗಾಗಿ ಅವಳು ಅಂಕಿ ತುಂಬುವ ಫೀಲ್ಡಿನಿಂದ ತನ್ನದೇ ಒಂದು ‘ಮಾರು ಫೀಲ್ಡ್’ ಹುಟ್ಟಿಸಿದ್ದಳು. ಡೇಟಾಬೇಸಿಗೆ ಹೋಗುವಾಗ ಮಾರು ಮೀಟರಾಗಬೇಕು, ಮರಳುವಾಗ ಮೀಟರು ಮಾರಾಗಬೇಕು. ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಸರಿ, ಸರ್ವರಿನಲ್ಲಿ ಮಾತ್ರ ಮೀಟರು ಮೀಟರಾಗಿಯೇ ಮರಳುತ್ತಿತ್ತು. ಮಧ್ಯಾಹ್ನದವರೆಗೆ ತಲೆ ಚಚ್ಚಿಕೊಂಡ ಮೇಲೆ ಕಂಡಿತು. ಸರ್ವರಿನಲ್ಲಿದ್ದದ್ದು ಫ್ರೇಮ್‌ವರ್ಕಿನ ಹಳೆಯ ಆವೃತ್ತಿ; ಮರಳುವಾಗ ಬದಲಿಸೆಂದು ಅವಳು ಬರೆದ ಭಾಗವನ್ನು ಅದು ಕರೆಯುತ್ತಲೇ ಇರಲಿಲ್ಲ. ತಪ್ಪಿದೆ ಎಂದು ಒಂದು ಮಾತೂ ಹೇಳದೆ ದಾಟಿಹೋಗುತ್ತಿತ್ತು, ಹಾಳಾದ್ದು. ಹೊಸ ಆವೃತ್ತಿ ಹಾಕಿದಳು.

ಪರೀಕ್ಷೆಗೆಂದು, ಎಪ್ಪತ್ತೈದು ದಾಟಿದ ಹಳೆಯ ದೋಣಿಗಾರ ಚಂದಯ್ಯನವರನ್ನು ಕೂರಿಸಿಕೊಂಡಳು. ಅವಳು ಕಲ್ಲಿನ ಹೆಸರು ಹೇಳುವುದು, ಅವರು ಕಣ್ಣು ಮುಚ್ಚಿ ಆಳ ಹೇಳುವುದು. ಮೂವತ್ತೊಂಬತ್ತೂ ಪರದೆಗೆ ತಾಳೆಯಾದವು.

ಕೊನೆಯದಕ್ಕೆ “ಎಂಟ್ ಮಾರ್” ಎಂದರು. ಪರದೆಯಲ್ಲಿ ಒಂಬತ್ತು.

ಮತ್ತೆ ತನ್ನ ಕೋಡೇ ಕೆಟ್ಟಿತೆಂದು ಅವಳು ಕೀಬೋರ್ಡಿಗೆ ಕೈ ಹಾಕಿದಳು.

“ಹ್ವಾಯ್, ನಿನ್ ಮಿಷನ್ ತಪ್ಪಲ್ಲ ಮಗಾ. ಆ ಕಲ್ಲ್ ಅಳ್ದದ್ದ್ ಶೀನ. ಅವ್ನ ಕೈ ಗಿಡ್ಡ.”

ಸಂಘದ ಹಳೆಯ ಪಟ್ಟಿಯಲ್ಲಿ ಆ ಒಂದು ಸಾಲಿನ ಮುಂದೆ ನಿಜಕ್ಕೂ ಶೀನನ ಹೆಸರಿತ್ತು; ಉಳಿದವೆಲ್ಲ ಚಂದಯ್ಯನವರು ಅಳೆದವು. ಅವಳು ಎಲ್ಲ ಕಲ್ಲಿಗೂ ಚಂದಯ್ಯನವರ ನೂರ ಎಂಬತ್ತು ಸೆಂಟಿಮೀಟರಿನ ಮಾರನ್ನೇ ಹಿಡಿದಿದ್ದಳು. ಯಾರ ಮಾರು ಎಂದು ಫೀಲ್ಡಿಗೆ ಹೇಳಿಯೇ ಇರಲಿಲ್ಲ.

“ಹಂಗಾರ್ ಅವ್ರ ಕೈ ಅಳಿಕಲ ಅಜ್ಜಯ್ಯ. ಎಲ್ಲಿದ್ರ್?” ಅವಳು ಅಳತೆಯ ಟೇಪು ತೆಗೆದಳು.

“ಅವ ತೀರಿ ಹೋಯಿ ಹನ್ನೆರ್ಡ್ ವರ್ಷ ಆಯ್ತ್. ಕಾಣ್, ಇಷ್ಟ್.”

ಚಂದಯ್ಯ ಎದ್ದು ನಿಂತು ಎರಡೂ ತೋಳು ಚಾಚಿದರು. ಆಮೇಲೆ ಬಲಗೈಯನ್ನು ಒಂದಿಷ್ಟು ಒಳಕ್ಕೆಳೆದು ನಿಲ್ಲಿಸಿದರು. “ಮೂವತ್ತ್ ವರ್ಷ ಇಬ್ರೂ ಒಂದೇ ದೋಣಿಯಗೆ ಹಗ್ಗ ಎಳ್ದದ್ದ್.”

ಸೌಮ್ಯಶ್ರೀ ಟೇಪು ಹಿಡಿದಳು. ನೂರ ಅರವತ್ತು. ಒಂಬತ್ತರಿಂದ ಗುಣಿಸಿದರೆ ಹದಿನಾಲ್ಕು ಮೀಟರು ನಲವತ್ತು ಸೆಂಟಿಮೀಟರು. ಚಂದಯ್ಯನವರ ಎಂಟು ಮಾರೂ ಅಷ್ಟೇ. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ.

“ಆಯ್ತಾ ಮಗಾ?” ತೋಳು ಚಾಚಿಕೊಂಡೇ ಚಂದಯ್ಯ ಕೇಳಿದರು. “ಶೀನನ ಕೈ ಇಳ್ಸ್ಲಾ?”